ಇನ್‌ಸ್ಟಾಲ್ ಮಾಡುವಾಗ ಡೇಟಾಬೇಸ್ ಕನೆಕ್ಷನ್ ಹೊಂದಿಸುವುದು ಹೇಗೆ?

ವರ್ಡ್‌ಪ್ರೆಸ್ ಆಗಲಿ, ಮೂಡಲ್ ಆಗಲಿ, ನೆಕ್ಸ್ಟ್‌ಕ್ಲೌಡ್ ಆಗಲಿ, ಡೇಟಾಬೇಸ್ ಬಳಸುವ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುತ್ತಾ ಹೋದರೆ ಒಂದು ಪರದೆ ಬಂದೇ ಬರುತ್ತದೆ. ಹೋಸ್ಟ್ (ಡೇಟಾಬೇಸ್ ಇರುವ ಮಷೀನಿನ ವಿಳಾಸ), ಪೋರ್ಟ್ (ಆ ಮಷೀನಿನಲ್ಲಿ ಡೇಟಾಬೇಸ್ ಸಿಗುವ ಬಾಗಿಲಿನ ಸಂಖ್ಯೆ; ಕೆಲವು ಕಡೆ ಇದಕ್ಕೆ ಬೇರೆ ಖಾನೆ ಇರುವುದಿಲ್ಲ), ಡೇಟಾಬೇಸ್ ಹೆಸರು, ಯೂಸರ್, ಪಾಸ್‌ವರ್ಡ್. ಅಲ್ಲಿಯವರೆಗೆ ಕಣ್ಣು ಮುಚ್ಚಿಕೊಂಡು 'ನೆಕ್ಸ್ಟ್' ಒತ್ತುತ್ತಾ ಬಂದವರೂ ಇಲ್ಲಿ ಬಂದು ನಿಲ್ಲುತ್ತಾರೆ. ಏನೋ ಒಂದು ತುಂಬಿಸುತ್ತಾರೆ, ಕೆಂಪು ಅಕ್ಷರದಲ್ಲಿ ಎರರ್ ಬರುತ್ತದೆ, ಪಾಸ್‌ವರ್ಡ್ ಬದಲಿಸಿ ಮತ್ತೆ ಒತ್ತುತ್ತಾರೆ, ಮತ್ತೆ ಅದೇ ಎರರ್.

ಇಲ್ಲಿ ಎಡವುವುದಕ್ಕೆ ಕಾರಣ ಇಷ್ಟೇ. ಹಿಂದಿನ ಪರದೆಗಳಲ್ಲಿ ಇನ್‌ಸ್ಟಾಲರ್ ನಿಮ್ಮ ಇಷ್ಟ ಕೇಳುತ್ತಿತ್ತು: ಯಾವ ಭಾಷೆ, ಯಾವ ಫೋಲ್ಡರ್. ಈ ಪರದೆಯಲ್ಲಿ ಅದು ಇಷ್ಟ ಕೇಳುತ್ತಿಲ್ಲ. ಬೇರೆ ಕಡೆ ಆಗಲೇ ತೀರ್ಮಾನವಾಗಿರುವ ವಿವರ ಕೇಳುತ್ತಿದೆ. ಡೇಟಾಬೇಸ್ ಸರ್ವರ್‌ನಲ್ಲಿ ಆ ಹೆಸರಿನ ಯೂಸರ್ ಇಲ್ಲದಿದ್ದರೆ ಇಲ್ಲಿ ಏನು ಟೈಪ್ ಮಾಡಿದರೂ ಉಪಯೋಗವಿಲ್ಲ. ಹಾಗಾಗಿ ಕೆಲಸವನ್ನು ಉಲ್ಟಾ ಮಾಡಿ. ಮೊದಲು ಡೇಟಾಬೇಸ್ ಕಡೆಯದ್ದನ್ನು ಮುಗಿಸಿ. ಆಮೇಲೆ ಇನ್‌ಸ್ಟಾಲರ್‌ನ ಹೊರಗೇ ಕನೆಕ್ಷನ್ ಪರೀಕ್ಷಿಸಿ. ಅದು ಸರಿಯಾದ ಮೇಲೆ ಇನ್‌ಸ್ಟಾಲರ್ ತೆರೆಯಿರಿ. ಆಗ ಆ ಐದು ಖಾನೆ ತುಂಬುವುದು ಒಂದು ನಿಮಿಷದ ಕೆಲಸ.

ಒಂದು ಮಾತು: ಕಮಾಂಡ್‌ಗಳನ್ನೂ ಎರರ್‌ಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ಹೆಜ್ಜೆ 1: ಯಾವ ಡೇಟಾಬೇಸ್, ಯಾವ ಡ್ರೈವರ್

ಮೊದಲು ಸಾಫ್ಟ್‌ವೇರ್‌ನ ಅಗತ್ಯಗಳ ಪುಟ ತೆರೆದು ಯಾವ ಡೇಟಾಬೇಸ್ ನಡೆಯುತ್ತದೆ ಅಂತ ನೋಡಿ. ವರ್ಡ್‌ಪ್ರೆಸ್‌ಗೆ ಮೈಎಸ್‌ಕ್ಯೂಎಲ್ ಅಥವಾ ಮಾರಿಯಾಡಿಬಿ ಬೇಕು. ಮೂಡಲ್‌ಗೆ ಪೋಸ್ಟ್‌ಗ್ರೆಸ್ ಕೂಡ ಆಗುತ್ತದೆ. ಆದರೆ ಅದರಲ್ಲಿ ಮೈಎಸ್‌ಕ್ಯೂಎಲ್‌ಗೆ ಒಂದು ಡ್ರೈವರ್ (ಡೇಟಾಬೇಸ್ ಜೊತೆ ಮಾತಾಡಲು ಸಾಫ್ಟ್‌ವೇರ್ ಬಳಸುವ ತುಣುಕು), ಮಾರಿಯಾಡಿಬಿಗೆ ಇನ್ನೊಂದು. ಎರಡೂ ಒಂದೇ ಅಂದುಕೊಂಡು ಯಾವುದೋ ಒಂದನ್ನು ಆರಿಸಬೇಡಿ.

ಡ್ರೈವರ್ ಇದೆಯಾ ಅನ್ನುವುದನ್ನೂ ಈಗಲೇ ನೋಡಿಕೊಳ್ಳಿ. ಪಿಎಚ್‌ಪಿ ಭಾಷೆಯಲ್ಲಿ ಬರೆದ ಸಾಫ್ಟ್‌ವೇರ್‌ಗಳಲ್ಲಿ 'ಕುಡ್ ನಾಟ್ ಫೈಂಡ್ ಡ್ರೈವರ್' ಅಂತ ಎರರ್ ಬಂದರೆ ಡೇಟಾಬೇಸ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಪಿಎಚ್‌ಪಿಗೆ ಬೇಕಾದ ಎಕ್ಸ್‌ಟೆನ್ಷನ್ ಹಾಕಿಲ್ಲ ಅಂತ ಅರ್ಥ. ಅದನ್ನು ಹಾಕಿ, ವೆಬ್ ಸರ್ವರ್ ಅಥವಾ ಪಿಎಚ್‌ಪಿ-ಎಫ್‌ಪಿಎಂ ಸರ್ವಿಸ್ ರೀಸ್ಟಾರ್ಟ್ ಮಾಡಿ. ಟರ್ಮಿನಲ್‌ನಲ್ಲಿ ಓಡುವ ಪಿಎಚ್‌ಪಿ ಬೇರೆ, ವೆಬ್ ಸರ್ವರ್ ಬಳಸುವ ಪಿಎಚ್‌ಪಿ ಬೇರೆ ಆಗಿರಬಹುದು. ಒಂದರಲ್ಲಿ ಇದ್ದದ್ದು ಇನ್ನೊಂದರಲ್ಲಿ ಇಲ್ಲದಿರಬಹುದು.

ಕೆಲವು ಇನ್‌ಸ್ಟಾಲರ್‌ಗಳು ಎಸ್‌ಕ್ಯೂಲೈಟ್ ಆಯ್ಕೆಯನ್ನೂ ಕೊಡುತ್ತವೆ. ಅದಕ್ಕೆ ಸರ್ವರೂ ಬೇಡ, ಪಾಸ್‌ವರ್ಡೂ ಬೇಡ, ಒಂದು ಫೈಲ್ ಸಾಕು. ಸುಮ್ನೆ ಸಾಫ್ಟ್‌ವೇರ್ ಹೇಗಿದೆ ಅಂತ ನೋಡುವುದಾದರೆ ಅದನ್ನೇ ಆರಿಸಿ, ಈ ಲೇಖನವನ್ನು ಇಲ್ಲಿಗೇ ಬಿಡಿ. ನಾಲ್ಕಾರು ಜನ ಒಟ್ಟಿಗೆ ಬಳಸುವುದಾದರೆ ಮುಂದೆ ಓದಿ.

ಹೆಜ್ಜೆ 2: ಡೇಟಾಬೇಸ್ ಮತ್ತು ಯೂಸರ್ ಸೃಷ್ಟಿಸಿ

ಎಲ್ಲ ಅಧಿಕಾರವೂ ಇರುವ ರೂಟ್ ಯೂಸರ್ ಕೊಟ್ಟು ಕೆಲಸ ಮುಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಸುರಕ್ಷತೆಯ ಮಾತು ಪಕ್ಕಕ್ಕಿರಲಿ, ಎಷ್ಟೋ ಕಡೆ ಅದು ನಡೆಯುವುದೇ ಇಲ್ಲ. ಉಬುಂಟು ಪ್ಯಾಕೇಜಿನಿಂದ ಹಾಕಿದ ಮೈಎಸ್‌ಕ್ಯೂಎಲ್‌ನಲ್ಲಿ ರೂಟ್‌ಗೆ ಪಾಸ್‌ವರ್ಡ್ ಇರುವುದಿಲ್ಲ. ಲಿನಕ್ಸ್‌ನಲ್ಲಿ ನೀವು ರೂಟ್ ಆಗಿದ್ದೀರಾ ಅಂತ ಅದು ಆಪರೇಟಿಂಗ್ ಸಿಸ್ಟಮ್‌ನನ್ನೇ ಕೇಳುತ್ತದೆ. ವೆಬ್ ಸರ್ವರ್ ರೂಟ್ ಆಗಿ ಓಡುವುದಿಲ್ಲ, ಹಾಗಾಗಿ ಒಳಗೆ ಬಿಡುವುದಿಲ್ಲ. ಮಾರಿಯಾಡಿಬಿಯಲ್ಲೂ 10.4ರಿಂದ ಹೆಚ್ಚುಕಡಿಮೆ ಇದೇ ಕಥೆ. 'ರೂಟ್ ಪಾಸ್‌ವರ್ಡ್ ಸರಿಯಾಗಿಯೇ ಕೊಟ್ಟಿದ್ದೀನಿ, ಆದ್ರೂ ಬರ್ತಿಲ್ಲ' ಅನ್ನುವವರ ತೊಂದರೆ ಬಹುತೇಕ ಇದೇ.

ಮೈಎಸ್‌ಕ್ಯೂಎಲ್‌ನಲ್ಲಿ ಮೂರು ಕಮಾಂಡ್ ಸಾಕು. ಸುಡೋ (ರೂಟ್ ಅಧಿಕಾರದಲ್ಲಿ ಕಮಾಂಡ್ ಓಡಿಸುವ ವಿಧಾನ) ಮೂಲಕ ಒಳಗೆ ಹೋಗಿ, 'ಕ್ರಿಯೇಟ್ ಡೇಟಾಬೇಸ್' ಕೊಟ್ಟು ಡೇಟಾಬೇಸ್ ಮಾಡಿ. 'ಕ್ರಿಯೇಟ್ ಯೂಸರ್' ಕೊಟ್ಟು ಪಾಸ್‌ವರ್ಡ್ ಸಮೇತ ಯೂಸರ್ ಮಾಡಿ. 'ಗ್ರ್ಯಾಂಟ್ ಆಲ್ ಪ್ರಿವಿಲೇಜಸ್' ಕೊಟ್ಟು ಆ ಒಂದು ಡೇಟಾಬೇಸ್ ಮೇಲೆ ಮಾತ್ರ ಆ ಯೂಸರ್‌ಗೆ ಅಧಿಕಾರ ಕೊಡಿ. ಹಳೆಯ ಲೇಖನಗಳಲ್ಲಿ ಗ್ರ್ಯಾಂಟ್ ಒಂದರಲ್ಲೇ ಯೂಸರ್ ಕೂಡ ಸೃಷ್ಟಿಯಾಗುವ ಕಮಾಂಡ್ ಇರುತ್ತದೆ. ಮೈಎಸ್‌ಕ್ಯೂಎಲ್ 8ರಿಂದ ಅದು ನಡೆಯುವುದಿಲ್ಲ. ಕೊನೆಗೆ 'ಫ್ಲಶ್ ಪ್ರಿವಿಲೇಜಸ್' ಕೊಡಲೇಬೇಕು ಅಂತಲೂ ಬರೆದಿರುತ್ತಾರೆ. ಗ್ರ್ಯಾಂಟ್ ಬಳಸಿದ್ದರೆ ಅದರ ಅಗತ್ಯವಿಲ್ಲ. ಕೊಟ್ಟರೆ ನಷ್ಟವೂ ಇಲ್ಲ.

ಇಲ್ಲಿ ಗಮನ ಬೇಕಾದದ್ದು ಯೂಸರ್ ಹೆಸರಿನ ಎರಡನೇ ಅರ್ಧ. ಮೈಎಸ್‌ಕ್ಯೂಎಲ್‌ನಲ್ಲಿ ಯೂಸರ್ ಅಂದರೆ ಬರೀ ಹೆಸರಲ್ಲ. ಹೆಸರು ಮತ್ತು ಆ ಯೂಸರ್ ಎಲ್ಲಿಂದ ಬರುತ್ತಾನೆ ಅನ್ನುವುದು, ಎರಡೂ ಸೇರಿ ಒಂದು ಖಾತೆ. 'ಬ್ಲಾಗ್'@'ಲೋಕಲ್‌ಹೋಸ್ಟ್' ಒಂದು ಖಾತೆ (ಲೋಕಲ್‌ಹೋಸ್ಟ್ ಅಂದರೆ ಅದೇ ಮಷೀನ್), 'ಬ್ಲಾಗ್'@'192.168.1.20' ಇನ್ನೊಂದು. ಎರಡಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಇರಬಹುದು, ಬೇರೆ ಬೇರೆ ಅಧಿಕಾರ ಇರಬಹುದು. ಸಾಫ್ಟ್‌ವೇರ್ ಒಂದು ಮಷೀನಿನಲ್ಲಿ, ಡೇಟಾಬೇಸ್ ಇನ್ನೊಂದರಲ್ಲಿ ಇದ್ದರೆ ಲೋಕಲ್‌ಹೋಸ್ಟ್ ಖಾತೆಯಿಂದ ಪ್ರಯೋಜನವಿಲ್ಲ. ಸಾಫ್ಟ್‌ವೇರ್ ಇರುವ ಮಷೀನಿನ ವಿಳಾಸವನ್ನೇ ಕೊಡಬೇಕು. ಶೇಕಡಾ ಚಿಹ್ನೆ ಹಾಕಿದರೆ ಎಲ್ಲಿಂದ ಬೇಕಾದರೂ ಬರಬಹುದು ಅಂತಾಗುತ್ತದೆ. ಸುಲಭ ನಿಜ, ಆದರೆ ಆ ವಿಳಾಸ ಗೊತ್ತಿದ್ದಾಗ ಅಷ್ಟು ಅಗಲಕ್ಕೆ ತೆರೆಯುವುದು ಯಾಕೆ?

ಪೋಸ್ಟ್‌ಗ್ರೆಸ್‌ನಲ್ಲಿ ಯೂಸರ್ ಮೊದಲು, ಡೇಟಾಬೇಸ್ ಆಮೇಲೆ. ಡೇಟಾಬೇಸ್ ಸೃಷ್ಟಿಸುವಾಗಲೇ 'ಓನರ್' ಅಂತ ಬರೆದು ಆ ಯೂಸರ್ ಹೆಸರು ಕೊಟ್ಟುಬಿಡಿ. 2022ರಲ್ಲಿ ಬಂದ ಪೋಸ್ಟ್‌ಗ್ರೆಸ್ 15ರಿಂದ ಒಂದು ನಿಯಮ ಬದಲಾಗಿದೆ. 'ಪಬ್ಲಿಕ್' ಸ್ಕೀಮಾದಲ್ಲಿ (ಡೇಟಾಬೇಸ್ ಒಳಗೆ ಟೇಬಲ್‌ಗಳು ಕೂರುವ ವಿಭಾಗ) ಯಾರು ಬೇಕಾದರೂ ಟೇಬಲ್ ಮಾಡುವಂತಿಲ್ಲ. ಡೇಟಾಬೇಸ್ ಮೇಲೆ ಎಲ್ಲ ಅಧಿಕಾರ ಕೊಟ್ಟಿದ್ದರೂ ಇನ್‌ಸ್ಟಾಲರ್ ಕನೆಕ್ಟ್ ಆಗುತ್ತದೆ, ಮೊದಲ ಟೇಬಲ್ ಮಾಡಲು ಹೋಗಿ 'ಪರ್ಮಿಷನ್ ಡಿನೈಡ್ ಫಾರ್ ಸ್ಕೀಮಾ ಪಬ್ಲಿಕ್' ಅಂತ ಬಿದ್ದುಬಿಡುತ್ತದೆ. ಹಳೆಯ ಸೂಚನೆಗಳನ್ನು ಅಕ್ಷರಶಃ ಪಾಲಿಸಿದವರೇ ಇಲ್ಲಿ ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು. ಓನರ್ ಆಗಿದ್ದರೆ ಈ ತಲೆನೋವಿಲ್ಲ.

ಕ್ಯಾರೆಕ್ಟರ್ ಸೆಟ್, ಅಂದರೆ ಅಕ್ಷರಗಳನ್ನು ಯಾವ ಸಂಕೇತದಲ್ಲಿ ಉಳಿಸಬೇಕು ಅನ್ನುವ ವಿಷಯವನ್ನು ಕನ್ನಡದಲ್ಲಿ ಬರೆಯುವ ನಾವು ಕಡೆಗಣಿಸುವ ಹಾಗಿಲ್ಲ. ಮೈಎಸ್‌ಕ್ಯೂಎಲ್‌ನ ಹಳೆಯ ಆವೃತ್ತಿಗಳಲ್ಲಿ ಏನೂ ಹೇಳದಿದ್ದರೆ ಲ್ಯಾಟಿನ್1 ಬರುತ್ತಿತ್ತು. ಅದರಲ್ಲಿ ಕನ್ನಡ ಬರೆದರೆ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳಾಗಿ ಉಳಿಯಬಹುದು. ಹಾಗೆ ಉಳಿದ ಮೇಲೆ ಮೂಲ ಅಕ್ಷರ ಮರಳಿ ಸಿಗುವುದಿಲ್ಲ. 'ಯುಟಿಎಫ್8' ಅಂತ ಕೊಟ್ಟರೆ ಸಾಕಲ್ವಾ ಅಂದರೆ, ಪೂರ್ತಿ ಸಾಲದು. ಮೈಎಸ್‌ಕ್ಯೂಎಲ್‌ನಲ್ಲಿ ಆ ಹೆಸರಿನದು ಅಕ್ಷರಕ್ಕೆ ಮೂರು ಬೈಟ್ ಮಾತ್ರ ಇಟ್ಟುಕೊಳ್ಳುತ್ತದೆ. ಕನ್ನಡದ ಅಕ್ಷರಗಳು ಮೂರು ಬೈಟ್‌ನವು, ಹಾಗಾಗಿ ಕನ್ನಡ ಚೆನ್ನಾಗಿಯೇ ಕಾಣುತ್ತದೆ. ಯಾರಾದರೂ ಒಂದು ಇಮೋಜಿ ಹಾಕಿದ ದಿನ ಎರರ್ ಬರುತ್ತದೆ, ಯಾಕೆಂದರೆ ಅದಕ್ಕೆ ನಾಲ್ಕು ಬೈಟ್ ಬೇಕು. 'ಯುಟಿಎಫ್8ಎಂಬಿ4' ಅಂತಲೇ ಕೊಡಿ. ಮೈಎಸ್‌ಕ್ಯೂಎಲ್ 8ರಲ್ಲಿ ಅದೇ ಡೀಫಾಲ್ಟ್. ಡೇಟಾ ತುಂಬಿದ ಮೇಲೆ ಇದನ್ನು ಬದಲಿಸುವುದು ದೊಡ್ಡ ಕೆಲಸ, ಈಗ ಒಂದು ಪದದ ಕೆಲಸ.

ಹೆಜ್ಜೆ 3: ಹೋಸ್ಟ್ ಖಾನೆಯಲ್ಲಿ ಏನು ಬರೆಯಬೇಕು

ಐದು ಖಾನೆಗಳಲ್ಲಿ ಜಾಸ್ತಿ ಮೋಸ ಮಾಡುವುದು ಇದೇ. ಸಾಮಾನ್ಯವಾಗಿ 'ಲೋಕಲ್‌ಹೋಸ್ಟ್' ಅಂತ ಮೊದಲೇ ತುಂಬಿರುತ್ತದೆ. ಎರಡೂ ಒಂದೇ ಮಷೀನಿನಲ್ಲಿದ್ದರೆ ಬಹಳಷ್ಟು ಸಲ ಅದು ಸರಿಯೇ. ಆದರೆ ಲೋಕಲ್‌ಹೋಸ್ಟ್ ಮತ್ತು 127.0.0.1 (ಅದೇ ಮಷೀನನ್ನು ಸೂಚಿಸುವ ನೆಟ್‌ವರ್ಕ್ ವಿಳಾಸ) ಎರಡೂ ಒಂದೇ ಅಂತ ನಂಬಿಕೊಂಡರೆ ಎಡವುತ್ತೀರಿ.

ಲಿನಕ್ಸ್‌ನಲ್ಲಿ ಮೈಎಸ್‌ಕ್ಯೂಎಲ್‌ನ ಕ್ಲೈಂಟ್‌ಗೆ (ಸರ್ವರ್‌ಗೆ ಕನೆಕ್ಟ್ ಆಗುವ ಪ್ರೋಗ್ರಾಂ) ಲೋಕಲ್‌ಹೋಸ್ಟ್ ಅಂದರೆ ನೆಟ್‌ವರ್ಕ್ ಬೇಡ, ಸಾಕೆಟ್ ಫೈಲ್ (ಒಂದೇ ಮಷೀನಿನೊಳಗೆ ಪ್ರೋಗ್ರಾಂಗಳು ಮಾತಾಡಿಕೊಳ್ಳುವ ಫೈಲ್) ಬಳಸು ಅಂತ ಅರ್ಥ. ಪಿಎಚ್‌ಪಿ ಕೂಡ ಹಾಗೇ ಮಾಡುತ್ತದೆ. ಆಗ ನೀವು ಪೋರ್ಟ್ ಖಾನೆಯಲ್ಲಿ ಏನು ಬರೆದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ಸಾಕೆಟ್ ಫೈಲ್ ಎಲ್ಲಿದೆ ಅನ್ನುವುದರಲ್ಲಿ ಸರ್ವರ್‌ಗೂ ಕ್ಲೈಂಟ್‌ಗೂ ಹೊಂದಾಣಿಕೆ ಇಲ್ಲದಿದ್ದರೆ ಎರರ್ 2002 ಬರುತ್ತದೆ. ಸರ್ವರ್ ಫೈಲನ್ನು 'ವಾರ್' ಫೋಲ್ಡರಿನ ಒಳಗೆ ಎಲ್ಲೋ ಇಟ್ಟಿರುತ್ತದೆ, ಪಿಎಚ್‌ಪಿ ಅದನ್ನು 'ಟಿಎಂಪಿ'ಯಲ್ಲಿ ಹುಡುಕುತ್ತಿರುತ್ತದೆ. ಹೋಸ್ಟ್ ಖಾನೆಯಲ್ಲಿ 127.0.0.1 ಅಂತ ಬರೆದು ನೋಡಿ. ಆಗ ಕನೆಕ್ಷನ್ ಸಾಕೆಟ್ ಬಿಟ್ಟು ನೆಟ್‌ವರ್ಕ್ ದಾರಿ ಹಿಡಿಯುತ್ತದೆ, ಪೋರ್ಟ್‌ಗೂ ಬೆಲೆ ಬರುತ್ತದೆ. ಸರ್ವರ್ ಓಡುತ್ತಲೇ ಇಲ್ಲದಿದ್ದರೂ 2002 ಬರುತ್ತದೆ, ಮೊದಲು ಅದನ್ನು ನೋಡಿಕೊಳ್ಳಿ.

ನೋಡ್ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್.ಜೆಎಸ್) ಬಳಸುವವರಿಗೆ ಇದರ ಇನ್ನೊಂದು ರೂಪ ಸಿಗುತ್ತದೆ. ಲೋಕಲ್‌ಹೋಸ್ಟ್ ಅನ್ನುವ ಹೆಸರಿಗೆ ಎರಡು ವಿಳಾಸ ಇರಬಹುದು: ಐಪಿವಿ4ರ 127.0.0.1 ಮತ್ತು ಐಪಿವಿ6ರ ::1. ಮುಂಚೆ ನೋಡ್ ಐಪಿವಿ4 ವಿಳಾಸವನ್ನು ಮುಂದಿಡುತ್ತಿತ್ತು. 17ನೇ ಆವೃತ್ತಿಯಿಂದ ಸಿಸ್ಟಮ್ ಕೊಟ್ಟ ಕ್ರಮವನ್ನೇ ಪಾಲಿಸುತ್ತದೆ. ಡೇಟಾಬೇಸ್ ಐಪಿವಿ4ರಲ್ಲಿ ಮಾತ್ರ ಕಿವಿಗೊಟ್ಟು ಕೂತಿದ್ದರೆ '::1:3306 ಕನೆಕ್ಷನ್ ರೆಫ್ಯೂಸ್ಡ್' ಅಂತ ಬರಬಹುದು. ಇಲ್ಲೂ ಮದ್ದು ಅದೇ, 127.0.0.1.

ಪೋಸ್ಟ್‌ಗ್ರೆಸ್‌ನಲ್ಲಿ ಹೋಸ್ಟ್ ಖಾಲಿ ಬಿಟ್ಟರೆ ಲಿನಕ್ಸ್‌ನಲ್ಲಿ ಸಾಕೆಟ್ ಮೂಲಕ ಹೋಗುತ್ತದೆ. ಆಗ 'ಪೀರ್ ಆಥೆಂಟಿಕೇಷನ್ ಫೇಲ್ಡ್' ಅನ್ನುವ ಎರರ್ ಕಾಣಬಹುದು. ಅಲ್ಲಿ ಪಾಸ್‌ವರ್ಡ್ ನೋಡಿಯೇ ಇಲ್ಲ. ಲಿನಕ್ಸ್‌ನ ಯೂಸರ್ ಹೆಸರೂ ಡೇಟಾಬೇಸ್ ಯೂಸರ್ ಹೆಸರೂ ಒಂದೇನಾ ಅಂತ ನೋಡಿದೆ, ಅಲ್ಲ, ಕಳಿಸಿಬಿಟ್ಟಿದೆ. ಪಾಸ್‌ವರ್ಡ್ ಬದಲಿಸುತ್ತಾ ಕೂರಬೇಡಿ, ಹೋಸ್ಟ್ ಖಾನೆ ತುಂಬಿ.

ಡೇಟಾಬೇಸ್ ಬೇರೆ ಮಷೀನಿನಲ್ಲಿದ್ದರೆ ಅಲ್ಲಿಯ ಸರ್ವರ್ ಹೊರಗಿನವರಿಗೆ ಕಿವಿಗೊಡುವ ಹಾಗೆ ಮಾಡಬೇಕು. ಡೆಬಿಯನ್, ಉಬುಂಟು ಪ್ಯಾಕೇಜುಗಳ ಮೈಎಸ್‌ಕ್ಯೂಎಲ್‌ನಲ್ಲಿ 'ಬೈಂಡ್-ಅಡ್ರೆಸ್' 127.0.0.1 ಇರುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ 'ಲಿಸನ್_ಅಡ್ರೆಸಸ್' ಲೋಕಲ್‌ಹೋಸ್ಟ್ ಇರುತ್ತದೆ. ಎರಡನ್ನೂ ಬದಲಿಸಿದ ಮೇಲೆ ಸರ್ವಿಸ್ ರೀಸ್ಟಾರ್ಟ್ ಆಗಲೇಬೇಕು. ಪೋಸ್ಟ್‌ಗ್ರೆಸ್‌ಗೆ ಇದರ ಜೊತೆ 'ಪಿಜಿ_ಎಚ್‌ಬಿಎ' ಫೈಲಿನಲ್ಲಿ ಒಂದು ಸಾಲು ಸೇರಿಸಬೇಕು: ಯಾವ ಡೇಟಾಬೇಸ್‌ಗೆ, ಯಾವ ಯೂಸರ್, ಯಾವ ವಿಳಾಸದಿಂದ, ಯಾವ ರೀತಿಯ ಪಾಸ್‌ವರ್ಡ್ ಪರೀಕ್ಷೆ. ಈ ಫೈಲನ್ನು ಮೇಲಿಂದ ಕೆಳಗೆ ಓದುತ್ತಾರೆ, ಮೊದಲು ಹೊಂದುವ ಸಾಲೇ ಅಂತಿಮ. ನಿಮ್ಮ ಸಾಲು ಸರಿಯಿದ್ದೂ ಅದರ ಮೇಲೆ ಇನ್ನೊಂದು ಹೊಂದುವ ಸಾಲು ಇದ್ದರೆ ಅದೇ ಗೆಲ್ಲುತ್ತದೆ. ಇದಕ್ಕೆ ರೀಲೋಡ್ ಸಾಕು.

ಹೆಜ್ಜೆ 4: ಪೋರ್ಟ್

ಮೈಎಸ್‌ಕ್ಯೂಎಲ್, ಮಾರಿಯಾಡಿಬಿ 3306. ಪೋಸ್ಟ್‌ಗ್ರೆಸ್ 5432. ಎಸ್‌ಕ್ಯೂಎಲ್ ಸರ್ವರ್ 1433. ಒರಾಕಲ್ 1521. ಮಾಂಗೋಡಿಬಿ 27017. ಯಾರೂ ಬದಲಿಸಿರದಿದ್ದರೆ ಇವೇ. ಒಂದೇ ಮಷೀನಿನಲ್ಲಿ ಪೋಸ್ಟ್‌ಗ್ರೆಸ್‌ನ ಎರಡು ಆವೃತ್ತಿ ಇದ್ದರೆ ಎರಡನೆಯದು 5433 ಹಿಡಿದಿರುವ ಸಾಧ್ಯತೆ ಇದೆ. ನೀವು ಯೂಸರ್ ಸೃಷ್ಟಿಸಿದ್ದು ಒಂದರಲ್ಲಿ, ಇನ್‌ಸ್ಟಾಲರ್ ಹುಡುಕುತ್ತಿರುವುದು ಇನ್ನೊಂದರಲ್ಲಿ ಅಂತಾಗಬಹುದು.

ಹೆಜ್ಜೆ 5: ಪಾಸ್‌ವರ್ಡಿನ ಚಿಹ್ನೆಗಳು

ಐದು ಖಾನೆ ಬೇರೆ ಬೇರೆ ಇದ್ದರೆ ಪಾಸ್‌ವರ್ಡಿನಲ್ಲಿ ಏನಿದ್ದರೂ ಸಾಮಾನ್ಯವಾಗಿ ನಡೆಯುತ್ತದೆ. ಆದರೆ ಈಗಿನ ಎಷ್ಟೋ ಸಾಫ್ಟ್‌ವೇರ್‌ಗಳು ಎಲ್ಲವನ್ನೂ ಒಂದೇ ಉದ್ದನೆಯ ಯುಆರ್‌ಎಲ್ ಆಗಿ ಕೇಳುತ್ತವೆ: ಯೂಸರ್, ಕೋಲನ್, ಪಾಸ್‌ವರ್ಡ್, ಅಟ್ ಚಿಹ್ನೆ, ಹೋಸ್ಟ್, ಕೋಲನ್, ಪೋರ್ಟ್, ಓರೆಗೆರೆ, ಡೇಟಾಬೇಸ್. ನಿಮ್ಮ ಪಾಸ್‌ವರ್ಡಿನಲ್ಲೇ @ ಇದ್ದರೆ ಸಾಫ್ಟ್‌ವೇರ್ ಪಾಸ್‌ವರ್ಡನ್ನು ತಪ್ಪು ಜಾಗದಲ್ಲಿ ತುಂಡು ಮಾಡಬಹುದು, ಉಳಿದ ಅರ್ಧವನ್ನು ಹೋಸ್ಟ್ ಹೆಸರು ಅಂದುಕೊಳ್ಳಬಹುದು. 'ಹೋಸ್ಟ್ ಸಿಗಲಿಲ್ಲ' ಅನ್ನುವ ಎರರ್‌ನಲ್ಲಿ ನಿಮ್ಮ ಪಾಸ್‌ವರ್ಡಿನ ತುಂಡು ಕಂಡರೆ ಇದೇ ಕಾರಣ.

ಯುಆರ್‌ಎಲ್ ಒಳಗೆ ಇಂಥ ಚಿಹ್ನೆಗಳನ್ನು ಸಂಕೇತವಾಗಿ ಬರೆಯಬೇಕು. @ ಬದಲು %40. # ಬದಲು %23. : ಬದಲು %3ಎ, / ಬದಲು %2ಎಫ್. % ಚಿಹ್ನೆಗೆ %25. ಆ ಯುಆರ್‌ಎಲ್ '.ಎನ್ವಿ' ಅನ್ನುವ ಸೆಟ್ಟಿಂಗ್ ಫೈಲಿನಲ್ಲಿದ್ದರೆ # ನಂತರದ್ದು ಕಾಮೆಂಟ್ ಆಗಿ ಉದುರಿಹೋಗಬಹುದು, $ ಇದ್ದರೆ ಅದನ್ನು ವೇರಿಯಬಲ್ ಅಂದುಕೊಳ್ಳಬಹುದು. ನನ್ನ ಸಲಹೆ ಕೇಳಿದರೆ, ಡೇಟಾಬೇಸ್ ಪಾಸ್‌ವರ್ಡಿಗೆ ಚಿಹ್ನೆಗಳೇ ಬೇಡ. ಅಕ್ಷರ ಮತ್ತು ಅಂಕಿ ಮಾತ್ರ ಇರುವ 32 ಅಕ್ಷರದ ರ‍್ಯಾಂಡಮ್ ಪಾಸ್‌ವರ್ಡ್ ಮಾಡಿಸಿಕೊಳ್ಳಿ. ಇದನ್ನು ಮನುಷ್ಯರು ನೆನಪಿಟ್ಟುಕೊಳ್ಳಬೇಕಿಲ್ಲ. ಉದ್ದ ಇದ್ದರೆ ಬಲ ತಾನಾಗಿ ಬರುತ್ತದೆ, ತೊಂದರೆ ಕಡಿಮೆ.

ಹೆಜ್ಜೆ 6: ಇನ್‌ಸ್ಟಾಲರ್ ತೆರೆಯುವ ಮುಂಚೆ ಪರೀಕ್ಷೆ

ಈ ಹೆಜ್ಜೆಯನ್ನು ಎಲ್ಲರೂ ಹಾರಿಸುತ್ತಾರೆ. ಹಾರಿಸಬೇಡಿ. ಸಾಫ್ಟ್‌ವೇರ್ ಓಡುವ ಅದೇ ಮಷೀನಿನಿಂದ, ಅದೇ ಹೋಸ್ಟ್, ಅದೇ ಪೋರ್ಟ್, ಅದೇ ಯೂಸರ್ ಕೊಟ್ಟು ಮೈಎಸ್‌ಕ್ಯೂಎಲ್ ಅಥವಾ ಪಿಎಸ್‌ಕ್ಯೂಎಲ್ ಕ್ಲೈಂಟ್ ಓಡಿಸಿ. ನಿಮ್ಮ ಲ್ಯಾಪ್‌ಟಾಪಿನಿಂದ ಕನೆಕ್ಟ್ ಆದರೆ ಅದು ಲ್ಯಾಪ್‌ಟಾಪಿನ ಮಟ್ಟಿಗೆ ಸತ್ಯ ಅಷ್ಟೇ. ಸರ್ವರ್‌ನ ಮಟ್ಟಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಒಳಗೆ ಹೋದ ಮೇಲೆ ಒಂದು ಪುಟ್ಟ ಟೇಬಲ್ ಮಾಡಿ, ಅದರಲ್ಲಿ 'ಕನ್ನಡ' ಅಂತ ಒಂದು ಸಾಲು ಹಾಕಿ, ಓದಿ, ಟೇಬಲ್ ಅಳಿಸಿ. ಕನೆಕ್ಷನ್, ಬರೆಯುವ ಅಧಿಕಾರ, ಕ್ಯಾರೆಕ್ಟರ್ ಸೆಟ್, ಮೂರೂ ಒಂದೇ ಏಟಿಗೆ ಪರೀಕ್ಷೆ ಆದವು.

ಕ್ಲೈಂಟ್ ಇಲ್ಲದಿದ್ದರೆ ಪೋರ್ಟ್ ತೆರೆದಿದೆಯಾ ಅಂತಾದರೂ ನೋಡಿ. ಲಿನಕ್ಸ್‌ನಲ್ಲಿ 'ಎನ್‌ಸಿ', ವಿಂಡೋಸ್ ಪವರ್‌ಶೆಲ್‌ನಲ್ಲಿ 'ಟೆಸ್ಟ್-ನೆಟ್‌ಕನೆಕ್ಷನ್' ಈ ಕೆಲಸ ಮಾಡುತ್ತವೆ.

ಹೆಜ್ಜೆ 7: ಎರರ್ ಬಂದರೆ ಅದನ್ನು ಓದಿ

ನಿಮ್ಮ ಕನೆಕ್ಷನ್ ಎಷ್ಟು ದೂರ ಹೋಗಿ ನಿಂತಿತು ಅಂತ ಎರರ್ ಹೇಳುತ್ತದೆ. ಆ ಕ್ರಮದಲ್ಲೇ ಓದಿದರೆ ಎಲ್ಲಿ ಕೈ ಹಾಕಬೇಕು ಅಂತ ಗೊತ್ತಾಗುತ್ತದೆ.

ಹೋಸ್ಟ್ ಹೆಸರೇ ಸಿಗಲಿಲ್ಲ ಅಂದರೆ ಕಾಗುಣಿತ ಅಥವಾ ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕುವ ವ್ಯವಸ್ಥೆ) ತೊಂದರೆ. ಇನ್ನೂ ಹೊರಟೇ ಇಲ್ಲ.

'ಟೈಮ್ಡ್ ಔಟ್' ಮತ್ತು 'ರೆಫ್ಯೂಸ್ಡ್' ಎರಡನ್ನೂ ಜನ ಒಂದೇ ಅಂತ ಓದುತ್ತಾರೆ. ಮನೆ ಬಾಗಿಲು ತಟ್ಟಿದಾಗ 'ಇಲ್ಲಿ ಅವರಿಲ್ಲ, ಹೋಗಿ' ಅನ್ನುವುದಕ್ಕೂ, ಎಷ್ಟು ತಟ್ಟಿದರೂ ಸದ್ದೇ ಬಾರದಿರುವುದಕ್ಕೂ ವ್ಯತ್ಯಾಸ ಇದೆಯಲ್ಲ, ಹಾಗೆ. ರೆಫ್ಯೂಸ್ಡ್ ಅಂದರೆ ಸಾಮಾನ್ಯವಾಗಿ ಮಷೀನ್ ಸಿಕ್ಕಿತು, ಆ ಪೋರ್ಟಿನಲ್ಲಿ ಯಾರೂ ಕೂತಿಲ್ಲ. ಸರ್ವಿಸ್ ನಿಂತಿದೆ, ಪೋರ್ಟ್ ತಪ್ಪಾಗಿದೆ, ಇಲ್ಲವೇ ಸರ್ವರ್ 127.0.0.1ಕ್ಕೆ ಮಾತ್ರ ಕಟ್ಟಿಕೊಂಡಿದೆ. ಟೈಮ್ಡ್ ಔಟ್ ಅಂದರೆ ನಡುವೆ ಫೈರ್‌ವಾಲ್ ನಿಮ್ಮ ಪ್ಯಾಕೆಟ್ ನುಂಗಿ ಸುಮ್ಮನಿದೆ ಅಂತ ಮೊದಲು ಅನುಮಾನಿಸಿ. ಕ್ಲೌಡ್‌ನಲ್ಲಿ ಸೆಕ್ಯುರಿಟಿ ಗ್ರೂಪ್ (ಅಲ್ಲಿಯ ಫೈರ್‌ವಾಲ್ ನಿಯಮಗಳು) ನೋಡಿ.

ರೆಡ್‌ಹ್ಯಾಟ್, ಫೆಡೋರಾ ಬಳಗದ ಲಿನಕ್ಸ್‌ನಲ್ಲಿ ಒಂದು ವಿಚಿತ್ರ ಸ್ಥಿತಿ ಇದೆ. ಟರ್ಮಿನಲ್‌ನಿಂದ ಕನೆಕ್ಟ್ ಆಗುತ್ತದೆ, ವೆಬ್‌ಸೈಟ್‌ನಿಂದ ಆಗುವುದಿಲ್ಲ, 'ಪರ್ಮಿಷನ್ ಡಿನೈಡ್' ಅನ್ನುತ್ತದೆ. ಎಸ್‌ಇಲಿನಕ್ಸ್ ಅನ್ನುವ ಲಿನಕ್ಸ್‌ನ ಭದ್ರತಾ ಪದರ ವೆಬ್ ಸರ್ವರ್ ಅನ್ನು ನೆಟ್‌ವರ್ಕ್ ಮೂಲಕ ಡೇಟಾಬೇಸ್‌ಗೆ ಹೋಗಲು ಬಿಡುತ್ತಿಲ್ಲ. 'ಎಚ್‌ಟಿಟಿಪಿಡಿ_ಕ್ಯಾನ್_ನೆಟ್‌ವರ್ಕ್_ಕನೆಕ್ಟ್_ಡಿಬಿ' ಅನ್ನುವ ಸ್ವಿಚ್ ಆನ್ ಮಾಡಿದರೆ ಸಾಕು. ಇಡೀ ಎಸ್‌ಇಲಿನಕ್ಸ್ ಆಫ್ ಮಾಡಿ ಅನ್ನುವ ಸಲಹೆಗೆ ಕಿವಿಗೊಡಬೇಡಿ.

ಇಷ್ಟು ದಾಟಿ ಡೇಟಾಬೇಸ್ ಸರ್ವರ್ ತಲುಪಿದ ಮೇಲೆ ಸಿಗುವುದು ಮೈಎಸ್‌ಕ್ಯೂಎಲ್‌ನ ಎರರ್ 1045. ಇದನ್ನು ಹತ್ತಿರದಿಂದ ನೋಡೋಣ:

ಆಕ್ಸೆಸ್ ಡಿನೈಡ್ ಫಾರ್ ಯೂಸರ್ 'ಬ್ಲಾಗ್'@'172.18.0.5' (ಯೂಸಿಂಗ್ ಪಾಸ್‌ವರ್ಡ್: ನೋ)

ಜನ ಮೊದಲ ಎರಡು ಪದ ಓದಿ ಪಾಸ್‌ವರ್ಡ್ ಬದಲಿಸಲು ಓಡುತ್ತಾರೆ. ಆದರೆ ಸುದ್ದಿ ಇರುವುದು ಕೊನೆಯಲ್ಲಿ. 172.18.0.5 ಅಂದರೆ ಸರ್ವರ್‌ನ ಕಣ್ಣಿಗೆ ನೀವು ಎಲ್ಲಿಂದ ಬಂದ ಹಾಗೆ ಕಂಡಿರಿ ಅನ್ನುವುದು. ನೀವು ಖಾತೆ ಮಾಡಿದ್ದು ಲೋಕಲ್‌ಹೋಸ್ಟ್‌ಗಾಗಿ ಆಗಿದ್ದರೆ ಈ ವಿಳಾಸಕ್ಕೆ ಅದು ಹೊಂದುವುದೇ ಇಲ್ಲ. ಬ್ರಾಕೆಟ್‌ನಲ್ಲಿ 'ನೋ' ಅಂತ ಇದೆ. ಅಂದರೆ ಪಾಸ್‌ವರ್ಡ್ ತಪ್ಪಾಗಿಲ್ಲ, ಪಾಸ್‌ವರ್ಡ್ ಕಳಿಸಿಯೇ ಇಲ್ಲ. ಸಾಫ್ಟ್‌ವೇರ್ ನಿಮ್ಮ ಸೆಟ್ಟಿಂಗ್ ಫೈಲ್ ಓದಿಲ್ಲ, ಅಥವಾ ವೇರಿಯಬಲ್ ಹೆಸರಿನಲ್ಲಿ ಒಂದಕ್ಷರ ತಪ್ಪಿದೆ. 'ಯೆಸ್' ಅಂತ ಇದ್ದರೆ ಮಾತ್ರ ಪಾಸ್‌ವರ್ಡ್ ಮೇಲೆ ಅನುಮಾನ ಪಡಿ.

1044 ಮತ್ತು 1049 ಬಂದರೆ ಖುಷಿ ಪಡಿ, ಲಾಗಿನ್ ಆಗಿದೆ. ಮೊದಲನೆಯದರಲ್ಲಿ ಆ ಡೇಟಾಬೇಸ್ ಮೇಲೆ ಅಧಿಕಾರವಿಲ್ಲ, ಎರಡನೆಯದರಲ್ಲಿ ಆ ಹೆಸರಿನ ಡೇಟಾಬೇಸೇ ಇಲ್ಲ. ಲಿನಕ್ಸ್‌ನ ಮೈಎಸ್‌ಕ್ಯೂಎಲ್‌ನಲ್ಲಿ ಡೇಟಾಬೇಸ್ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಅಂತ ಲೆಕ್ಕ. ವಿಂಡೋಸ್‌ನಿಂದ ಲಿನಕ್ಸ್‌ಗೆ ಸಾಗಿಸಿದಾಗ 1049 ಬರುವುದಕ್ಕೆ ಇದೂ ಒಂದು ಕಾರಣ.

'ಕ್ಯಾಶಿಂಗ್_ಎಸ್‌ಎಚ್‌ಎ2_ಪಾಸ್‌ವರ್ಡ್' ಅಂತ ಏನಾದರೂ ಕಂಡರೆ ನಿಮ್ಮ ಕ್ಲೈಂಟ್ ಹಳೆಯದು. ಮೈಎಸ್‌ಕ್ಯೂಎಲ್ 8 ಪಾಸ್‌ವರ್ಡ್ ಪರೀಕ್ಷೆಯ ವಿಧಾನ ಬದಲಿಸಿತು. ಯೂಸರ್ ಅನ್ನು ಹಳೆಯ ವಿಧಾನಕ್ಕೆ ಇಳಿಸಿ ಅನ್ನುವ ಪರಿಹಾರ ಎಲ್ಲ ಕಡೆ ಸಿಗುತ್ತದೆ. ಆದರೆ 8.4ರಲ್ಲಿ ಆ ಹಳೆಯದು ಡೀಫಾಲ್ಟ್ ಆಗಿ ಆಫ್, 9.0ರಲ್ಲಿ ತೆಗೆದೇ ಹಾಕಿದ್ದಾರೆ. ಡ್ರೈವರ್ ಅಪ್‌ಡೇಟ್ ಮಾಡುವುದೇ ಸರಿಯಾದ ದಾರಿ.

ಎಸ್‌ಕ್ಯೂಎಲ್ ಸರ್ವರ್ ಆಗಿದ್ದರೆ

ವಿಂಡೋಸ್‌ನ ಬಿಲ್ಲಿಂಗ್, ಅಕೌಂಟಿಂಗ್ ತರಹದ ಸಾಫ್ಟ್‌ವೇರ್ ಹಾಕುವವರಿಗೆ ಇದು ಬೇಕಾಗುತ್ತದೆ. ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್‌ನಲ್ಲಿ ಟಿಸಿಪಿ/ಐಪಿ ಮೊದಲಿಗೆ ಆಫ್ ಆಗಿರುತ್ತದೆ. ಕಾನ್ಫಿಗರೇಷನ್ ಮ್ಯಾನೇಜರ್ ತೆರೆದು ಆನ್ ಮಾಡಿ, ಸರ್ವಿಸ್ ರೀಸ್ಟಾರ್ಟ್ ಮಾಡಿ. ಹೆಸರಿರುವ ಇನ್‌ಸ್ಟೆನ್ಸ್ (ಮಷೀನಿನಲ್ಲಿ ತನ್ನದೇ ಹೆಸರಿನಲ್ಲಿ ಓಡುವ ಎಸ್‌ಕ್ಯೂಎಲ್ ಸರ್ವರ್) ಆದರೆ ಪೋರ್ಟ್ 1433 ಇರಬೇಕೆಂದಿಲ್ಲ, ಪ್ರತಿ ಸಲ ಬದಲಾಗಬಹುದು. ಅದನ್ನು ಹುಡುಕಿಕೊಡುವುದು ಎಸ್‌ಕ್ಯೂಎಲ್ ಸರ್ವರ್ ಬ್ರೌಸರ್ ಸರ್ವಿಸ್, ಅದಕ್ಕೆ ಯುಡಿಪಿ 1434 ತೆರೆದಿರಬೇಕು. ಪೋರ್ಟ್ ಬರೆಯುವಾಗ ಹೋಸ್ಟ್ ಆದ ಮೇಲೆ ಕೋಲನ್ ಅಲ್ಲ, ಅಲ್ಪವಿರಾಮ ಹಾಕಬೇಕು. ಕನೆಕ್ಷನ್ ವಿವರ ಜೇಸನ್ ಫೈಲಿನಲ್ಲಿದ್ದರೆ ಇನ್‌ಸ್ಟೆನ್ಸ್ ಹೆಸರಿನ ಹಿಂದಿನ ಹಿಮ್ಮುಖ ಓರೆಗೆರೆಯನ್ನು (\) ಎರಡು ಸಲ ಬರೆಯಬೇಕು.

ಎರರ್ 18456 ಅಂದರೆ ಲಾಗಿನ್ ಆಗಲಿಲ್ಲ. ನಿಜವಾದ ಕಾರಣವನ್ನು ಅದು ನಿಮಗೆ ಹೇಳುವುದಿಲ್ಲ, ಸರ್ವರ್‌ನ ಎರರ್ ಲಾಗ್‌ನಲ್ಲಿ 'ಸ್ಟೇಟ್' ಅಂತ ಒಂದು ಅಂಕಿ ಬರೆದಿಡುತ್ತದೆ. 5 ಆದರೆ ಆ ಯೂಸರ್ ಇಲ್ಲ, 8 ಆದರೆ ಪಾಸ್‌ವರ್ಡ್ ತಪ್ಪು, 58 ಆದರೆ ಸರ್ವರ್ ವಿಂಡೋಸ್ ಲಾಗಿನ್‌ಗೆ ಮಾತ್ರ ಸೆಟ್ ಆಗಿದೆ. ಕೊನೆಯದಕ್ಕೆ ಮಿಕ್ಸೆಡ್ ಮೋಡ್ (ವಿಂಡೋಸ್ ಲಾಗಿನ್ ಜೊತೆ ಪಾಸ್‌ವರ್ಡ್ ಲಾಗಿನ್ ಕೂಡ) ಆನ್ ಮಾಡಿ ಮತ್ತೆ ಸರ್ವಿಸ್ ರೀಸ್ಟಾರ್ಟ್ ಮಾಡಬೇಕು.

ಒಡಿಬಿಸಿ ಡಿಎಸ್‌ಎನ್ (ಕನೆಕ್ಷನ್ ವಿವರವನ್ನು ಒಂದು ಹೆಸರಿನಲ್ಲಿ ವಿಂಡೋಸ್‌ನಲ್ಲಿ ಉಳಿಸಿಟ್ಟದ್ದು) ಸರಿಯಾಗಿ ಮಾಡಿದ್ದೂ ಸಾಫ್ಟ್‌ವೇರ್‌ಗೆ ಕಾಣದಿದ್ದರೆ 32 ಬಿಟ್, 64 ಬಿಟ್ ವ್ಯತ್ಯಾಸ ನೋಡಿ. 64 ಬಿಟ್ ವಿಂಡೋಸ್‌ನಲ್ಲಿ 'ಸಿಸ್ಟಮ್32' ಫೋಲ್ಡರಿನಲ್ಲಿರುವುದು 64 ಬಿಟ್‌ನ ಒಡಿಬಿಸಿ ಟೂಲ್, 'ಸಿಸ್‌ವಾವ್64'ರಲ್ಲಿರುವುದು 32 ಬಿಟ್‌ನದು. ಹೌದು, ಹೆಸರು ಉಲ್ಟಾ ಇದೆ.

ಒಡಿಬಿಸಿ ಡ್ರೈವರ್ 18ರಿಂದ ಎನ್‌ಕ್ರಿಪ್ಷನ್ ತಾನಾಗಿಯೇ ಆನ್ ಇರುತ್ತದೆ. ಸರ್ಟಿಫಿಕೇಟ್ ನಂಬಲಾಗದು ಅನ್ನುವ ಎರರ್ ಅದರಿಂದಲೇ. ಅದೇ ಮಷೀನಿನಲ್ಲಿ ಪರೀಕ್ಷೆ ಮಾಡುವಾಗ 'ಟ್ರಸ್ಟ್ ಸರ್ವರ್ ಸರ್ಟಿಫಿಕೇಟ್' ಹಾಕಿ ದಾಟಬಹುದು. ನೆಟ್‌ವರ್ಕ್ ಮೇಲೆ ನಡೆಯುವ ಕೆಲಸಕ್ಕೆ ಸರಿಯಾದ ಸರ್ಟಿಫಿಕೇಟ್ ಹಾಕಿಸಿ.

ಡಾಕರ್ ಆಗಿದ್ದರೆ

ಡಾಕರ್ ಸಾಫ್ಟ್‌ವೇರನ್ನು ಕಂಟೇನರ್ ಅನ್ನುವ ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುತ್ತದೆ. ಕಂಟೇನರ್ ಒಳಗಿನಿಂದ ಲೋಕಲ್‌ಹೋಸ್ಟ್ ಅಂದರೆ ಸಾಮಾನ್ಯವಾಗಿ ಆ ಕಂಟೇನರೇ, ನಿಮ್ಮ ಮಷೀನ್ ಅಲ್ಲ. ಕಂಪೋಸ್ (ಹಲವು ಕಂಟೇನರ್‌ಗಳನ್ನು ಒಂದೇ ಫೈಲಿನಿಂದ ಓಡಿಸುವ ಡಾಕರ್ ಟೂಲ್) ಬಳಸುತ್ತಿದ್ದರೆ ಹೋಸ್ಟ್ ಖಾನೆಯಲ್ಲಿ ಡೇಟಾಬೇಸ್ ಸರ್ವಿಸ್‌ನ ಹೆಸರು ಬರೆಯಿರಿ. ಪೋರ್ಟ್ ಸಾಲಿನಲ್ಲಿ 3307:3306 ಅಂತ ಇದ್ದರೆ ಹೊರಗಿನಿಂದ 3307, ಇನ್ನೊಂದು ಕಂಟೇನರಿನಿಂದ 3306. ಇದನ್ನು ಅದಲುಬದಲು ಮಾಡಿಕೊಂಡು ಗಂಟೆಗಟ್ಟಲೆ ಕಳೆಯುವವರಿದ್ದಾರೆ.

ಪಾಸ್‌ವರ್ಡ್ ವೇರಿಯಬಲ್ ಬದಲಿಸಿದ ಮೇಲೂ ಹಳೆಯ ಪಾಸ್‌ವರ್ಡೇ ನಡೆಯುತ್ತಿದೆಯಾ? ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಇಮೇಜ್‌ಗಳು (ಕಂಟೇನರ್ ಮಾಡುವ ಅಚ್ಚುಗಳು) ಆ ವೇರಿಯಬಲ್ ಅನ್ನು ಡೇಟಾ ಫೋಲ್ಡರ್ ಖಾಲಿ ಇದ್ದಾಗ, ಮೊದಲ ಸಲ ಮಾತ್ರ ನೋಡುತ್ತವೆ. ಡೇಟಾ ಇರುವ ವಾಲ್ಯೂಮ್ ಅಳಿಸಿದರೆ ಹೊಸದು ಬರುತ್ತದೆ, ಜೊತೆಗೆ ಡೇಟಾ ಕೂಡ ಹೋಗುತ್ತದೆ. ಡೇಟಾ ಬೇಕಿದ್ದರೆ ಒಳಗೆ ಹೋಗಿ 'ಆಲ್ಟರ್ ಯೂಸರ್' ಮೂಲಕ ಬದಲಿಸಿ.

'ಡಿಪೆಂಡ್ಸ್_ಆನ್' ಅಂತ ಬರೆದರೆ ಡೇಟಾಬೇಸ್ ಸಿದ್ಧವಾಗುವವರೆಗೆ ಕಾಯುತ್ತದೆ ಅಂದುಕೊಳ್ಳಬೇಡಿ. ಬರೀ ಹೆಸರು ಕೊಟ್ಟರೆ ಅದು ಶುರುವಾಗುವ ಕ್ರಮ ಅಷ್ಟೇ. ಹೆಲ್ತ್‌ಚೆಕ್ ಸೇರಿಸಿ, 'ಸರ್ವಿಸ್_ಹೆಲ್ದಿ' ಅನ್ನುವ ಷರತ್ತು ಹಾಕಿ.

ಇನ್‌ಸ್ಟಾಲ್ ಆದ ಮೇಲೆ

ಪಾಸ್‌ವರ್ಡ್ ಈಗ ಒಂದು ಫೈಲಿನಲ್ಲಿದೆ. ವರ್ಡ್‌ಪ್ರೆಸ್‌ನಲ್ಲಿ ಅದು 'ಡಬ್ಲ್ಯೂಪಿ-ಕಾನ್ಫಿಗ್', ಬೇರೆ ಕಡೆ '.ಎನ್ವಿ'. ವೆಬ್ ಸರ್ವರ್‌ನ ಯೂಸರ್ ಬಿಟ್ಟು ಬೇರೆಯವರು ಓದದ ಹಾಗೆ ಅದರ ಪರ್ಮಿಷನ್ ಹೊಂದಿಸಿ. ಗಿಟ್‌ಗೆ (ಕೋಡ್‌ನ ಪ್ರತಿ ಬದಲಾವಣೆಯನ್ನೂ 'ಕಮಿಟ್' ಆಗಿ ಉಳಿಸಿಡುವ ಟೂಲ್) ಸೇರಿಸಬೇಡಿ. ಸೇರಿಸಿ ಆಮೇಲೆ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ ಉಳಿದೇ ಇರುತ್ತದೆ, ಹಾಗಾದರೆ ಪಾಸ್‌ವರ್ಡನ್ನೇ ಬದಲಿಸಿ. 'ಇನ್‌ಸ್ಟಾಲ್' ಫೋಲ್ಡರ್ ತೆಗೆದುಹಾಕಿ ಅಂತ ಸಾಫ್ಟ್‌ವೇರ್ ಹೇಳಿದರೆ ಅದೇ ದಿನ ತೆಗೆಯಿರಿ.

ಲಾರವೆಲ್ ಅನ್ನುವ ಪಿಎಚ್‌ಪಿ ಫ್ರೇಮ್‌ವರ್ಕ್‌ನಲ್ಲಿ '.ಎನ್ವಿ' ಬದಲಿಸಿದ್ದೂ ಹಳೆಯ ಡೇಟಾಬೇಸ್‌ಗೇ ಹೋಗುತ್ತಿದ್ದರೆ ಕಾನ್ಫಿಗ್ ಕ್ಯಾಶ್ (ಸೆಟ್ಟಿಂಗ್‌ಗಳ ಉಳಿಸಿಟ್ಟ ಪ್ರತಿ) ಅಳಿಸಿ. ಕ್ಯಾಶ್ ಇರುವವರೆಗೆ ಅದು '.ಎನ್ವಿ' ಫೈಲ್ ತೆರೆಯುವುದೇ ಇಲ್ಲ.

ಕನೆಕ್ಷನ್ ಪೂಲ್ (ಮತ್ತೆ ಮತ್ತೆ ಬಳಸಲು ತೆರೆದಿಟ್ಟ ಕನೆಕ್ಷನ್‌ಗಳು) ಎಷ್ಟು ಅಂತ ಇನ್‌ಸ್ಟಾಲರ್ ಕೇಳಿದರೆ ದೊಡ್ಡ ಅಂಕಿ ಕೊಡಬೇಡಿ. ಮೈಎಸ್‌ಕ್ಯೂಎಲ್ ಡೀಫಾಲ್ಟ್ ಆಗಿ ಒಟ್ಟು 151 ಕನೆಕ್ಷನ್ ಬಿಡುತ್ತದೆ. ಪೋಸ್ಟ್‌ಗ್ರೆಸ್ 100, ಅದರಲ್ಲೂ 3 ಸೂಪರ್‌ಯೂಸರ್‌ಗೆ ಮೀಸಲು. ಪೂಲ್ 20 ಅಂತ ಕೊಟ್ಟು ಸಾಫ್ಟ್‌ವೇರ್‌ನ 5 ಪ್ರೊಸೆಸ್ ಓಡಿಸಿದರೆ 100 ಆಯಿತು, ಇರುವುದು 97. ಇನ್‌ಸ್ಟಾಲ್ ದಿನ ಎಲ್ಲ ಸರಿಯಿದ್ದು, ಬಳಕೆ ಏರಿದ ದಿನ ಕನೆಕ್ಷನ್ ಸಾಲದೆ ಎರರ್ ಬರುವುದು ಹೀಗೆ. ಮೈಎಸ್‌ಕ್ಯೂಎಲ್ ಸುಮ್ಮನೆ ಕೂತ ಕನೆಕ್ಷನ್ ಅನ್ನು 28,800 ಸೆಕೆಂಡ್, ಅಂದರೆ 8 ಗಂಟೆ ಆದ ಮೇಲೆ ಕಡಿದುಹಾಕುತ್ತದೆ. ರಾತ್ರಿಯೆಲ್ಲ ಯಾರೂ ಬಳಸದೆ ಬೆಳಿಗ್ಗೆ ಮೊದಲು ಬಂದವರಿಗೆ 'ಸರ್ವರ್ ಹ್ಯಾಸ್ ಗಾನ್ ಅವೇ' ಕಂಡರೆ ಪೂಲ್ ಸೆಟ್ಟಿಂಗ್‌ನಲ್ಲಿ ಒಂದು ಕನೆಕ್ಷನ್ ಎಷ್ಟು ಹೊತ್ತು ಬದುಕಬೇಕು ಅನ್ನುವುದನ್ನು ಅದಕ್ಕಿಂತ ಕಡಿಮೆ ಮಾಡಿ. 30 ನಿಮಿಷ ಧಾರಾಳವಾಯಿತು.